ಹನಮಪ್ಪ ದನಿ ಉಳಿಸಿದ ಮಳೆಗಾಲ

ತಂಗಿಯ ಮಗಳಿಗೆ ಸೀರೆ ತರಲು ಹೋದ ವಾರ ಇಳಕಲ್ಲಿಗೆ ಹೋಗಿದ್ದೆ. ಸೀರೆ ಅಂಗಡಿಗೆ ಹತ್ತಿಕೊಂಡೇ ಬೇರು ನಾರು ಮಾರುವ ಒಂದು ಗಂಧಿಗೆ ಅಂಗಡಿ. ಅದರ ಕಟ್ಟೆಯ ಮೇಲೆ ಹೆಣ್ಣುಮಗಳೊಬ್ಬಳು ಒರಳಲ್ಲಿ ಜ್ಯೇಷ್ಠಮಧು ಕುಟ್ಟುತ್ತಿದ್ದಳು. ಆ ಸಿಹಿ ಸಿಹಿ ಬೇರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸೀರೆಯ ಮೇಲಿನ ಲಕ್ಷ್ಯವೇ ಹೋಯಿತು. ಅಂಗಡಿಯವನು ದಡಿ ತೋರಿಸುತ್ತಿದ್ದ, ಸೆರಗು ಬಿಚ್ಚಿ ಹರವುತ್ತಿದ್ದ. ನಾನು ಒಂದನ್ನೂ ನೋಡಲಿಲ್ಲ. ಕೈಗೆ ಸಿಕ್ಕದ್ದನ್ನು ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಬಣ್ಣ ನೆಟ್ಟಗಿಲ್ಲವೆಂದು ಮನೆಯಲ್ಲಿ ಬೈಸಿಕೊಂಡದ್ದೂ ಆಯಿತು. ಏನು ಹೇಳಲಿ ಅವರಿಗೆ? ಆ ವಾಸನೆ ನನ್ನ ಗೆಳೆಯ ಹನಮಪ್ಪನ ಬಾಯಿಯ ವಾಸನೆ. ಆ ಒಂದು ಮಳೆಗಾಲವಿಡೀ ಅವನು ಜ್ಯೇಷ್ಠಮಧುವಿನ ಕಡ್ಡಿ ಕಚ್ಚಿಕೊಂಡೇ ಓಡಾಡಿದ.

ನಾವಿಬ್ಬರೂ ಬಾದಾಮಿಯ ಮೇಣಬಸದಿಯ ಗೈಡುಗಳು. ಕೆಂಪು ಬಂಡೆಯಲ್ಲಿ ಕಡಿದ ಗುಹೆಗಳವು. ಮಂದಿ ಎಲ್ಲೆಲ್ಲಿಂದಲೋ ನೋಡಲು ಬರುತ್ತಾರೆ, ನಾವು ತೋರಿಸುತ್ತೇವೆ. ಮೆಟ್ಟಿಲ ಬುಡದಲ್ಲಿ ಒಂದು ಬೇವಿನ ಗಿಡ, ಅದರ ಕೆಳಗೆ ನಮ್ಮ ಪಾಳಿ. ಬಂದವರ ಮೈಮೇಲೆ ಬಿದ್ದು ಎಳೆದಾಡುವ ಪದ್ಧತಿ ನಮ್ಮಲ್ಲಿಲ್ಲ. ಯಾರ ಪಾಳಿಯೋ ಅವನ ಹೆಸರು ಕೂಗುತ್ತೇವೆ, ಅವನು ಎದ್ದು ಹೋಗುತ್ತಾನೆ. ಆ ಗಿಡದ ಕೆಳಗೆ ಜಾಗ ಸಿಗುವುದು ಸುಲಭವಲ್ಲ, ಕಾಯ್ದು ಕಾಯ್ದು ಗಡ್ಡ ಬೆಳ್ಳಗಾದವರಿದ್ದಾರೆ. ನಮ್ಮ ನಮ್ಮೊಳಗೆ ಒಂದು ಕಟ್ಟಳೆಯೂ ಇತ್ತು: ಗೈಡಿನ ಕಾರ್ಡು ಚಾಲ್ತಿಯಲ್ಲಿದ್ದವನು ತನ್ನ ಜಾಗವನ್ನು ಮಕ್ಕಳಿಗೆ ಬಿಟ್ಟುಕೊಡಬಹುದು. ಕಾರ್ಡು ಹೋಯಿತೋ, ಜಾಗವೂ ಹೋಯಿತು. ಕಾಯುತ್ತಿದ್ದವನು ಬಂದು ಕೂಡುತ್ತಾನೆ.

ಹನಮಪ್ಪನದು ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಅವನ ದನಿ ಅಂದರೆ ಗುಡ್ಡದ ಈ ಕಡೆ ನಿಂತು ಆ ಕಡೆಯ ಕುರಿ ಕರೆಯುವ ದನಿ. ಅವನು ಮೇಲೆ ಗುಹೆಯಲ್ಲಿ ಮಾತಾಡಿದರೆ ಕೆಳಗೆ ಹೊಂಡದಲ್ಲಿ ಅರಿವೆ ಒಗೆಯುವ ಹೆಂಗಸರು ತಲೆ ಎತ್ತಿ ನೋಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ? ನನ್ನದು ಕೀರಲು ದನಿ.

ನಾವು ಹೇಳುತ್ತಿದ್ದ ಇಂಗ್ಲಿಷಿನ ಸಂಗತಿಯನ್ನೂ ಹೇಳಬೇಕು. ನಮಗೆಲ್ಲ ಗುರು ಪರಸಪ್ಪಜ್ಜ. ಅಜ್ಜ ಎಂದೋ ಫಾರಿನ್ ಮಂದಿಯ ಹಿಂದೆ ತಿರುಗಿ ತಿರುಗಿ ಒಂದು ಭಾಷಣ ಕಟ್ಟಿಕೊಂಡಿದ್ದ. ಗುಡ್ ಮಾರ್ನಿಂಗ್ ಸರ್, ವೆಲ್‌ಕಮ್ ಟು ಬಾದಾಮಿ, ಕಿಂಗ್ ಈಸ್ ಕಮಿಂಗ್, ಮೌಂಟನ್ ಈಸ್ ಕಟಿಂಗ್ ಅಂತ ಶುರುವಾದರೆ ನಾಲ್ಕನೆಯ ಗುಹೆಯ ಥ್ಯಾಂಕ್ ಯೂಗೇ ಅದು ನಿಲ್ಲುತ್ತಿತ್ತು. ನಾವು ಅಜ್ಜನ ಬೆನ್ನು ಹತ್ತಿ ಕೇಳಿ ಕೇಳಿ ಅದನ್ನು ಬಾಯಿಪಾಠ ಮಾಡಿದೆವು. ಯಾವ ಶಬ್ದಕ್ಕೆ ಯಾವ ಅರ್ಥ ಎಂದು ಅಜ್ಜನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದರಲ್ಲೊಂದು ಪೀಡೆ ಇತ್ತು. ನಡುವೆ ಯಾರಾದರೂ ತಡೆದು ಪ್ರಶ್ನೆ ಕೇಳಿದರೆ ಎಳೆ ಹರಿಯುತ್ತಿತ್ತು. ಮತ್ತೆ ಸಿಗಬೇಕಾದರೆ ಗುಡ್ ಮಾರ್ನಿಂಗ್ ಸರ್‌ನಿಂದಲೇ ಬರಬೇಕು. ಸಂಜೆ ಹೊತ್ತಲ್ಲಿ ಮೂರನೆಯ ಗುಹೆಯ ಮುಂದೆ ನಿಂತು ಗುಡ್ ಮಾರ್ನಿಂಗ್ ಅಂದಿದ್ದೇನೆ ನಾನು. ನಕ್ಕವರಿದ್ದಾರೆ, ಪಾಪ ಅಂದವರಿದ್ದಾರೆ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಪ್ರವಾಸೋದ್ಯಮ ಕಚೇರಿಯಿಂದ ಹೇಳಿಕೆ ಬಂತು. ಎಲ್ಲರ ಕಾರ್ಡಿನ ಅವಧಿಯೂ ಮುಗಿದಿದೆ, ಮುಂದುವರಿಸಬೇಕಾದರೆ ಇಂಗ್ಲಿಷಿನಲ್ಲಿ ಮುಖಾಮುಖಿ ಪರೀಕ್ಷೆ. ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬೇಕು, ಭಾಷಣ ಒಪ್ಪಿಸುವಂತಿಲ್ಲ. ಶ್ರಾವಣ ಮುಗಿದೊಡನೆ ಬಾಗಲಕೋಟೆಯ ನವನಗರಕ್ಕೆ ಬರಬೇಕು. ನಾವು ಎಲ್ಲವನ್ನೂ ‘ಈಸ್, ಈಸ್’ ಎಂದು ಹೇಳುವುದರಿಂದ ರಾಜ ಸತ್ತಿದ್ದಾನೋ ಇನ್ನೂ ಇದ್ದಾನೋ ತಿಳಿಯುವುದಿಲ್ಲವೆಂದು ಯಾರೋ ದೂರು ಕೊಟ್ಟಿದ್ದರಂತೆ.

ಊರಲ್ಲಿ ಶೈಲಜಾ ಮೇಡಂ ಎಂಬ ಇಂಗ್ಲಿಷ್ ಟೀಚರ್ ಇದ್ದರು. ಹುನಗುಂದದ ಕಡೆಯವರು, ಬಸವಣ್ಣನ ಭಕ್ತರು, ಬಾಯಿ ಖಡಕ್. ಸಾಲಿ ಬಿಟ್ಟ ಮೇಲೆ ತಮ್ಮ ಮನೆಯ ಪಡಸಾಲೆಯಲ್ಲಿ ನಮಗೆ ಪಾಠ ಹೇಳಲು ಒಪ್ಪಿದರು. ಅರ್ಧ ಮುದುಕರಾದ ನಾವು ಛತ್ರಿ ಹಿಡಿದು, ಕೆಸರು ಕಾಲು ತೊಳೆದು ಒಳಗೆ ಕೂತೆವು. ಹನಮಪ್ಪ ತನ್ನ ಮಗಳು ರೇಣುಕಾಳನ್ನೂ ಕರೆದುಕೊಂಡು ಬಂದಿದ್ದ. ಬಿ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದ ಹುಡುಗಿ, ಚೂಪು. ಪಾಳಿಯ ಜಾಗ ಅವಳಿಗೆ ಎಂದು ಅವನು ಆಗಲೇ ಗೊತ್ತು ಮಾಡಿಕೊಂಡಿದ್ದ. ಹೆಣ್ಣುಹುಡುಗಿಯನ್ನು ಗಿಡದ ಕೆಳಗೆ ಕೂಡಿಸುತ್ತಾನಂತೆ ಎಂದು ಕೆಲವರು ಗೊಣಗಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇಡಂ ಮೊದಲ ದಿನವೇ ಅಂದರು, “ನಿಮ್ಮ ಅಜ್ಜನ ಸರಪಳಿ ಹರೀಬೇಕ್ರಿ. ಒಂದೊಂದ ಕೊಂಡಿ ಬಿಚ್ಚಿ ಕೈಯಾಗ ಹಿಡಿದ ನೋಡೂಣು. ಬಂದ, ಬರ್ತಿದ್ದ, ಬಂದಿದ್ದ. ಮೂರೂ ಒಂದ ಏನ್ರಿ?”

ಮೂರೂ ಬೇರೆ ಎಂದು ಯಾರಿಗೆ ಗೊತ್ತಿಲ್ಲ? ಆದರೆ ಇಂಗ್ಲಿಷಿನಲ್ಲೂ ಆ ಮೂರು ಇವೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಆಗಿ ಹೋದದ್ದಕ್ಕೆ ಕೇಮ್. ಆಗುತ್ತಿದ್ದಾಗ ಇನ್ನೊಂದು ಬಂದು ಅಡ್ಡ ಬಿದ್ದರೆ ವಾಸ್ ಕಮಿಂಗ್. ಆದ ಎರಡರಲ್ಲಿ ಯಾವುದು ಮೊದಲು ಎಂದು ತೋರಿಸಬೇಕಾದರೆ ಮೊದಲಿನದಕ್ಕೆ ಹ್ಯಾಡ್ ಹಚ್ಚಬೇಕು. ‘ನಾ ಸ್ಟ್ಯಾಂಡಿಗೆ ಬರೂದ್ರೊಳಗ ಕೆರೂರ ಬಸ್ಸು ಹೋಗಿತ್ತು’ ಅಂತ ಮೇಡಂ ಕೊಟ್ಟರು. ದಿ ಬಸ್ ಹ್ಯಾಡ್ ಗಾನ್ ಎಂದು ರೇಣುಕಾ ಹೇಳಿದಳು. ಬಸ್ಸು ತಪ್ಪಿಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಎಲ್ಲರಿಗೂ ಅದು ತಟ್ಟನೆ ತಲೆಗೆ ಹೋಯಿತು. ಕಷ್ಟವಾದದ್ದು ‘ಬರ್ತಿದ್ದ.’ ದಿನಾಲು ಬರುತ್ತಿದ್ದವನಿಗೂ ಅದೇ, ದಾರಿಯಲ್ಲಿದ್ದವನಿಗೂ ಅದೇ ನಮ್ಮಲ್ಲಿ. ಇಂಗ್ಲಿಷಿನವರು ಅದನ್ನು ಎರಡು ಪಾಲು ಮಾಡಿಟ್ಟಿದ್ದಾರೆ, ಯೂಸ್ಡ್ ಟು ಒಂದು ಕಡೆ, ವಾಸ್ ಕಮಿಂಗ್ ಇನ್ನೊಂದು ಕಡೆ. ನನಗೆ ಸಿಟ್ಟು ಬಂದು ಪಾಟಿ ಕೆಳಗಿಟ್ಟೆ. “ಯಾಕ್ರಿ ಮಲ್ಲಪ್ಪ, ಇಂಗ್ಲೀಷ್ ಮ್ಯಾಲೆ ಮುನಿಸ್ಕೊಂಡ್ರೇನು?” ಎಂದು ಮೇಡಂ ಕೇಳಿದರು. ಮತ್ತೆ ಎತ್ತಿಕೊಂಡೆ.

ಹನಮಪ್ಪನಿಗೆ ಇದೆಲ್ಲ ರುಚಿ ಹತ್ತಿತ್ತು. ಮೂರನೆಯ ಗುಹೆ ದಾಟಿ ಮೇಲೆ ಹೋಗುವಾಗ ಬಂಡೆಯಲ್ಲಿ ಅರ್ಧ ಕಡಿದು ಬಿಟ್ಟ ಒಂದು ಆಕೃತಿ ಇದೆ. ತಲೆ ಇದೆ, ಒಂದು ತೋಳು ಇದೆ, ಉಳಿದದ್ದು ಬರೀ ಉಳಿಯ ಗೀರು. ಅಜ್ಜನ ಭಾಷಣದಲ್ಲಿ ಅಲ್ಲಿ ರಾಜ ಸಾಯುತ್ತಾನೆ, ಶಿಲ್ಪಿ ಅಳುತ್ತಾನೆ. ಅದು ಖರೆಯೇ ಎಂದು ಹನಮಪ್ಪ ಕೇಳಿದ. “ನಿಮಗ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ರಿ. ಕಡೀತಿದ್ರು, ನಿಲ್ಸಿದ್ರು. ಅಷ್ಟ ಹೇಳ್ರಿ ಸಾಕು” ಅಂದರು ಮೇಡಂ. ಅವನು ಆ ಮಾತನ್ನು ಇಂಗ್ಲಿಷಿನಲ್ಲಿ ಕೂಡಿಸಿ ಮತ್ತೆ ಮತ್ತೆ ಹೇಳಿ ನೋಡಿದ. ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು, ಆಮೇಲೆ ಬರೀ ಗಾಳಿ ಬಂತು. ರೇಣುಕಾ ಎದ್ದು ನೀರು ತಂದುಕೊಟ್ಟಳು. ಹೊರಗೆ ಮಳೆ ಜೋರಾಗಿತ್ತು.

ದನಿ ಕಟ್ಟಿದ್ದು ಬೇಸಿಗೆಯಿಂದಲೇ. ಧೂಳು, ಬಾವಲಿಯ ನಾತ ಎಂದು ಅವನೂ ಅಂದ, ನಾವೂ ಅಂದೆವು. ಇಪ್ಪತ್ತು ವರ್ಷ ದವಡೆಯಲ್ಲಿ ತಂಬಾಕು ಇಟ್ಟುಕೊಂಡವನು ಅವನು. ಅದನ್ನು ಯಾರೂ ಎತ್ತಲಿಲ್ಲ. ಪಾಠದಲ್ಲಿ ದನಿ ಹೋದ ಮೇಲೆ ರೇಣುಕಾ ಹಟ ಹಿಡಿದು ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ನಾನೂ ಹೋಗಿದ್ದೆ. ಡಾಕ್ಟರು ಗಂಟಲಿಗೆ ನಳಿಗೆ ಹಾಕಿ ನೋಡಿದರು, ತುಣುಕು ತೆಗೆದು ಪರೀಕ್ಷೆ ಮಾಡಿಸಿದರು. ಕ್ಯಾನ್ಸರ್. ತಡ ಮಾಡದೆ ಆಪರೇಷನ್ ಆಗಬೇಕು, ಜೀವ ಉಳಿಯುವ ಆಸೆ ಇದೆ, ಆದರೆ ದನಿಪೆಟ್ಟಿಗೆ ತೆಗೆಯಬೇಕು, ಇನ್ನು ಮಾತು ಬರುವುದಿಲ್ಲ ಎಂದರು.

ಹನಮಪ್ಪ ಕೇಳಿದ್ದು ಒಂದೇ ಮಾತು. “ಶ್ರಾವಣ ಮುಗಿಯೂತನಕ ತಡೀಬಹುದೇನ್ರಿ?”

ಡಾಕ್ಟರು ಸಿಟ್ಟಾದರು. ನಾನು ಅವರಿಗಿಂತ ಹೆಚ್ಚು ಸಿಟ್ಟಾದೆ. ಬರುವಾಗ ಬಸ್ಸಿನಲ್ಲಿ ಮಂದಿಯ ಎದುರೇ ಬೈದೆ. “ಲೇ, ನೀ ಸತ್ತ ಮ್ಯಾಲೆ ಆ ಗಿಡದ ಬುಡಕ ಯಾರು ಕುಂತರ ನಿನಗೇನಲೇ?”

“ನನಗೇನಿಲ್ಲ. ಅಕಿಗೆ ಐತಿ” ಎಂದ. ರೇಣುಕಾ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ನನಗೆ ಬೇಡ ಅಪ್ಪಾ, ಬೇರೆ ಏನಾದರೂ ಮಾಡುತ್ತೇನೆ ಎಂದು ಅವಳು ಆಸ್ಪತ್ರೆಯ ಬಾಗಿಲಲ್ಲೇ ಹೇಳಿ ಅತ್ತಿದ್ದಳು. ಕೇಳುವವನು ಬೇಕಲ್ಲ.

ಮನೆಯಲ್ಲಿ ಅವನ ಹೆಂಡತಿ ನೀಲವ್ವ ಕಾಯುತ್ತಿದ್ದಳು. ಓದು ಬರಹ ಇಲ್ಲದ ಹೆಂಗಸು, ಕಡಿಮೆ ಮಾತು. ಎಲ್ಲ ಕೇಳಿಸಿಕೊಂಡು ಒಲೆಯ ಮುಂದಿನಿಂದ ಎದ್ದು ಬಂದಳು. “ದನಿ ಹೋದ್ರ ಹೋಗ್ಲಿ, ನೀ ಇರು. ಮೂಕ ಇದ್ರೂ ಕಣ್ಣ ಮುಂದ ಇರ್ತಿ. ನಾಳೀನ ಹೋಗೂಣು.”

“ಮೂಕಗ ಪರೀಕ್ಷಾ ತಗೋತಾರೇನ? ಪರೀಕ್ಷಾ ಆಗ್ಲಿ, ಮರುದಿನಾನ ಕೊಯ್ಸ್ಕೋತೇನಿ” ಎಂದ ಹನಮಪ್ಪ.

“ನಾ ಕರಿಯಾಕತ್ತೀನಿ. ಬಾ ಅಂದ್ರ ಬರೂದಿಲ್ಲೇನ?”

ಅವನು ಪಾಟಿ ತೆಗೆದುಕೊಂಡು ಮಗಳ ಹತ್ತಿರ ಹೋಗಿ ಕೂತ. ನೀಲವ್ವ ಆ ದಿನ ರೊಟ್ಟಿ ಬಡಿಯಲಿಲ್ಲ. ನಾನು ನೀರು ಕುಡಿದು ಮನೆಗೆ ಬಂದೆ.

ಆಮೇಲೆ ಅವನು ದನಿಯನ್ನು ಉಳಿಸತೊಡಗಿದ. ಪಾಠದಲ್ಲಿ ಎರಡು ಮಾತು ಹೇಳುವಷ್ಟು ಮಾತ್ರ ಇಟ್ಟುಕೊಂಡು ಉಳಿದ ದಿನವೆಲ್ಲ ಬಾಯಿ ಮುಚ್ಚಿದ. ಅಜ್ಜನ ಉದ್ದನೆಯ ಭಾಷಣ ಹೇಳುವಷ್ಟು ಉಸಿರು ಅವನಲ್ಲಿ ಉಳಿದಿರಲಿಲ್ಲ. ಸರಪಳಿಯ ನಡುವಿನ ಯಾವ ಕೊಂಡಿ ಕೇಳಿದರೂ ಒಂದೇ ಏಟಿಗೆ ಎತ್ತಿ ಕೊಡಬೇಕು, ಅವನಿಗೆ ಇದ್ದ ದಾರಿ ಅದೊಂದೇ. ಪ್ರಶ್ನೆ ನಾನು ಕೇಳುತ್ತಿದ್ದೆ, ಉತ್ತರ ರೇಣುಕಾ ಹೇಳುತ್ತಿದ್ದಳು, ಅವನು ತುಟಿ ಅಲ್ಲಾಡಿಸುತ್ತಿದ್ದ. ತಪ್ಪಿದರೆ ಅವಳು ಬೆರಳು ಎತ್ತುತ್ತಿದ್ದಳು. ಕಟಿಂಗ್‌ಗೆ ಈಸ್ ಬೇಡ, ವರ್ ಬೇಕು. ಬಾಯಲ್ಲಿ ಜ್ಯೇಷ್ಠಮಧು, ಕೊರಳಿಗೆ ಸುತ್ತಿದ ಉಣ್ಣೆಯ ಮಫ್ಲರ್, ಪಡಸಾಲೆಯ ತುಂಬ ಆ ವಾಸನೆ.

ಮಳೆ ಆ ಸಲ ಬಿಡದೆ ಹೊಯ್ಯಿತು. ಹೊಂಡದ ಮೇಲಿನ ಬಂಡೆಯಿಂದ ನೀರು ಧುಮುಕುವುದನ್ನು ನೋಡಲು ಮಂದಿ ಬಂದರು, ನಾವು ಪಾಳಿ ಕೂಗಿದೆವು. ಹನಮಪ್ಪನ ಹೆಸರು ಬಂದಾಗ ಅವನ ಬದಲು ನಾನು ಹತ್ತುತ್ತಿದ್ದೆ. ಶ್ರಾವಣ ಬಂದ ಮೇಲೆ ಇನ್ನೊಂದು ತಮಾಷೆ ಆಯಿತು. ಬಾಯಿ ಮುಚ್ಚಿ ತಿರುಗುವ ಹನಮಪ್ಪ ಮೌನವ್ರತ ಹಿಡಿದಿದ್ದಾನೆ ಎಂದು ಓಣಿಯ ಮಂದಿ ತಿಳಿದರು. ಬೀರಪ್ಪನ ಗುಡಿಯ ಮುಂದೆ ಮುದುಕಿಯೊಬ್ಬಳು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ನಗಲು ಹೋದೆ, ಅವನ ಮುಖ ನೋಡಿ ನಗು ಬರಲಿಲ್ಲ. ನೀಲವ್ವ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದಳು. “ದೇವರಿಗಾದ್ರೂ ಹಿಡಿದಿದ್ರ ಬ್ಯಾರೆ ಮಾತು. ಇಂಗ್ಲೀಷಿಗೆ ಹಿಡಿದಾನ” ಎಂದು ಒಳಗೆ ಹೋದಳು.

ಪರೀಕ್ಷೆಯ ದಿನ ನವನಗರದ ಕಚೇರಿಯಲ್ಲಿ ಇಬ್ಬಿಬ್ಬರನ್ನು ಒಳಗೆ ಕರೆದರು. ಹನಮಪ್ಪ ಮತ್ತು ನಾನು ಒಟ್ಟಿಗೆ ಹೋದೆವು, ಜೊತೆಗೆ ಬಂದಿದ್ದ ರೇಣುಕಾ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮೊದಲು ನನ್ನ ಸರದಿ. ಗುಡ್ ಮಾರ್ನಿಂಗ್ ಸರ್ ಅಂದದ್ದೇ ತಡ, ಅಜ್ಜನ ಸರಪಳಿ ಕಿಂಗ್ ಈಸ್ ಎಂದು ತಾನೇ ಓಡತೊಡಗಿತು. ನಾಲಿಗೆ ಕಚ್ಚಿಕೊಂಡು ನಿಲ್ಲಿಸಿದೆ. ಹೇಗೋ ದಾಟಿದೆ. ಹನಮಪ್ಪನ ಮುಂದೆ ಸಾಹೇಬರು ಒಂದು ಫೋಟೋ ಹಿಡಿದರು. ಅದೇ ಅರ್ಧ ಕಡಿದ ಆಕೃತಿ. ವಾಟ್ ಹ್ಯಾಪನ್ಡ್ ಹಿಯರ್, ಇಲ್ಲಿ ಏನಾಯಿತು ಎಂದರು.

ಹನಮಪ್ಪ ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟ. ಕೊರಳಿನ ನರ ಎದ್ದು ಬಂದವು. ದೇ ವರ್ ಕಟಿಂಗ್ ದಿಸ್ ಸ್ಟೋನ್, ಎಂದ. ಉಸಿರು ತೆಗೆದುಕೊಂಡ. ದೆನ್ ದೇ ಸ್ಟಾಪ್ಡ್. ಮತ್ತೆ ಉಸಿರು. ನೋಬಡಿ ನೋಸ್ ವೈ.

ಅಷ್ಟೇ. ಆದರೆ ಅದು ಹನಮಪ್ಪನ ದನಿಯಾಗಿತ್ತು. ಎಲ್ಲಿಂದ ತಂದನೋ, ಗೋಡೆಗೆ ಬಡಿದು ತಿರುಗಿ ಬಂತು. ಸಾಹೇಬರು ಗುಡ್ ಎಂದು ಸಹಿ ಹಾಕಿದರು. ಜಡ್ಡು ಅವರಿಗೆ ಗೊತ್ತಿರಲಿಲ್ಲ, ನಾವೂ ಹೇಳಲಿಲ್ಲ. ಹೊರಗೆ ಬಂದಾಗ ಅವನ ತುಟಿಯ ತುದಿಯಲ್ಲಿ ರಕ್ತ ಇತ್ತು. ಒರೆಸಿಕೊಂಡು ನನ್ನ ಹೆಗಲಿಗೆ ಹೊಡೆದ, ನಕ್ಕ. ಸಂತೋಷವಾಗಿದ್ದ ಅವನು. ನನಗೂ ಸಂತೋಷವಾಗಿತ್ತು.

ಬಸ್ಸು ಕೆರೂರಿಗೆ ಬರುವುದರೊಳಗೆ ಅವನ ಉಸಿರು ಸೀಟಿ ಹೊಡೆದಂತೆ ಕೂಗತೊಡಗಿತು. ಮುಖ ನೀಲಿಯಾಯಿತು. ಕಂಡಕ್ಟರು ಬಸ್ಸು ನಿಲ್ಲಿಸಿದ, ಸಂತೆಗೆ ಬಂದಿದ್ದ ಯಾರದೋ ಗಾಡಿಯಲ್ಲಿ ಹಾಕಿಕೊಂಡು ಬಾಗಲಕೋಟೆಗೆ ತಿರುಗಿ ಓಡಿದೆವು. ದವಾಖಾನೆಯಲ್ಲಿ ಕೊರಳಿಗೆ ತೂತು ಕೊರೆದು ನಳಿಗೆ ಇಟ್ಟರು. ಗಡ್ಡೆ ಬೆಳೆದು ಉಸಿರಿನ ದಾರಿ ಮುಚ್ಚಿತ್ತು. ದೊಡ್ಡ ಡಾಕ್ಟರು ಸಣ್ಣ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಏನೋ ಅಂದರು. ಇಫ್ ಹಿ ಹ್ಯಾಡ್ ಕಮ್ ಅರ್ಲಿಯರ್ ಅನ್ನುವುದಷ್ಟು ನನಗೂ ಕೇಳಿಸಿತು. ಮೊದಲೇ ಬಂದಿದ್ದರೆ. ಮೇಡಂ ಆ ಪಾಠ ಹೇಳಿರಲಿಲ್ಲ, ಪರೀಕ್ಷೆಗೆ ಅದು ಬೇಕಾಗುವುದಿಲ್ಲ ಎಂದಿದ್ದರು. ರೇಣುಕಾಗೆ ತಾನೇ ತಿಳಿಯಿತು. ಅವಳು ತಾಯಿಗೆ ಫೋನು ಹಚ್ಚಲು ಹೊರಗೆ ಹೋದಳು.

ನೀಲವ್ವ ಸಂಜೆಯ ಬಸ್ಸಿಗೆ ಬಂದಳು. ಒಳಗೆ ಹೋಗಿ ಅವನನ್ನು ನೋಡಿ ಬಂದು ನನ್ನ ಎದುರು ನಿಂತಳು. “ಕಡೀಕ ಏನಂದ?”

“ಪರೀಕ್ಷಾದಾಗ ಉತ್ತರಾ ಹೇಳಿದ. ಪಾಸಾದ, ಯವ್ವಾ.”

“ಸಾಹೇಬಗ ಹೇಳಿದ. ನನಗ?”

ಅವನ ಮಫ್ಲರ್ ನನ್ನ ಕೈಯಲ್ಲಿತ್ತು, ಅವಳಿಗೆ ಕೊಟ್ಟೆ. “ಶ್ರಾವಣದಾಗ ಒಂದ ಸಲ ನನ್ನ ಹೆಸರ ಹಿಡಿದು ಕರದಿಲ್ಲ” ಎಂದಳು. “ಇದ್ದಷ್ಟೂ ದನಿ ಸಾಹೇಬನ ಮುಂದ ಸುರುವಿ ಬಂದ.” ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಪರೇಷನ್ನಿನ ಕಾಲ ಮೀರಿತ್ತು. ಗಡ್ಡೆಗೆ ರೇಡಿಯೇಷನ್ನಿನ ಕರೆಂಟು ಕೊಟ್ಟರು, ಔಷಧ ಕೊಟ್ಟರು, ಮನೆಗೆ ಕಳಿಸಿದರು. ಮನೆಯಲ್ಲಿ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದ. ಹೆಂಡತಿಗೆ ಹೇಳಬೇಕಾದದ್ದನ್ನು ಮಗಳು ಓದಿ ಹೇಳಬೇಕು. ಮಗಳ ಬಾಯಿಂದ ಗಂಡ ಏನು ತಾನೇ ಹೇಳಿಯಾನು? ಗಂಜಿ ಬಿಸಿ ಆಗಿದೆ, ದಿಂಬು ಎತ್ತರ ಮಾಡು. ಕಾರ್ಡು ಬಂದ ದಿನ ಅದನ್ನು ಕೊರಳಿಗೆ ಹಾಕಿಕೊಂಡು, ನಳಿಗೆಗೆ ತಾಗದಂತೆ ಕೈಯಲ್ಲಿ ಹಿಡಿದು, ಗಿಡದ ಕೆಳಗೆ ಬಂದು ಕೂತ. ನಾನು ಪಾಳಿ ಕೂಗುತ್ತ ಅವನ ಹೆಸರಿಗೆ ಬಂದೆ. ಅವನು ರೇಣುಕಾಳ ಕಡೆ ಕೈ ಮಾಡಿದ. ಯಾರೂ ಗೊಣಗಲಿಲ್ಲ. ಅವಳು ಎದ್ದು ಮೆಟ್ಟಿಲು ಹತ್ತಿದಳು. ದೀಪಾವಳಿ ಆದ ಸ್ವಲ್ಪ ದಿನಕ್ಕೆ ಅವನು ತೀರಿಕೊಂಡ.

ಚಳಿ ಬಿದ್ದ ಮೇಲೆ ಒಂದು ದಿನ ಮುಂಜಾನೆ ನೀಲವ್ವ ಗಿಡದ ಹತ್ತಿರ ಬಂದಳು. ಬಾದಾಮಿಯಲ್ಲೇ ಬಾಳುವೆ ಮಾಡಿದವಳು ಒಮ್ಮೆಯೂ ಮೇಣಬಸದಿ ಹತ್ತಿರಲಿಲ್ಲ. ನಮ್ಮ ಮನೆಯ ಹೆಂಗಸರೂ ಹತ್ತಿಲ್ಲ. ಗಂಡನ ಕೆಲಸದ ಜಾಗಕ್ಕೆ ಏನು ಮಾಡಲು ಹೋಗುವುದು? “ಅಂವ ಹೇಳಿದ್ದನ್ನ ನಾನೂ ಕೇಳಬೇಕು. ತೋರಸು” ಎಂದಳು. ರೇಣುಕಾ ಆಗಲೇ ಮೇಲೆ ಹೋಗಿದ್ದಳು. ನೀಲವ್ವ ನಿಂತು ನಿಂತು ಹತ್ತಿದಳು, ಮಂಗಗಳನ್ನು ಸೆರಗಿನಿಂದ ಓಡಿಸಿದಳು, ನಾನು ಹಿಂದೆ ಬಂದೆ. ಮೂರನೆಯ ಗುಹೆ ದಾಟಿದ ಮೇಲೆ ರೇಣುಕಾ ಪ್ರವಾಸಿಗಳನ್ನು ಆ ಆಕೃತಿಯ ಮುಂದೆ ನಿಲ್ಲಿಸಿಕೊಂಡಿದ್ದಳು. ತಾಯಿಯನ್ನು ನೋಡಿ ಒಂದು ಗಳಿಗೆ ತಡೆದಳು. ಆಮೇಲೆ ಅಪ್ಪ ಹೇಳಿದ್ದನ್ನೇ ಹೇಳಿದಳು, ಅಪ್ಪನ ಹಾಗೆಯೇ ನಡುನಡುವೆ ಉಸಿರು ತೆಗೆದುಕೊಂಡು. ಹೇಳಿ ಮುಗಿಸಿ, ಹಿಂದೆ ನೋಡದೆ ಮಂದಿಯನ್ನು ಮುಂದಕ್ಕೆ ಕರೆದುಕೊಂಡು ಹೋದಳು.

“ಏನಂದ್ಲು?” ಎಂದಳು ನೀಲವ್ವ.

“ಈ ಕಲ್ಲ ಕಡಿಯಾಕತ್ತಿದ್ರು. ಆಮ್ಯಾಲೆ ನಿಲ್ಸಿದ್ರು. ಯಾಕಂತ ಯಾರಿಗೂ ಗೊತ್ತಿಲ್ಲ.”

“ಇಷ್ಟ?”

“ಇಷ್ಟ, ಯವ್ವಾ.”

ಅವಳು ಹತ್ತಿರ ಹೋಗಿ ಮುಗಿಯದ ಆ ಕಲ್ಲಿನ ಮೇಲೆ ಕೈ ಆಡಿಸಿದಳು. ಮುಟ್ಟಬಾರದು ಎಂದು ಅಲ್ಲಿ ಬೋರ್ಡು ಇದೆ. ನಾನು ಆ ಬೋರ್ಡಿಗೆ ಅಡ್ಡ ನಿಂತೆ.

“ಗೊತ್ತಿಲ್ಲದ ಏನೈತಿ?” ಎಂದಳು. “ಮನ್ಯಾಗಿಂದ ಹೆಂಡ್ತಿ ಕರದಿರ್ತಾಳ. ಬಾ ಅಂದಿರ್ತಾಳ. ಅಂವ ಉಳಿ ಇಲ್ಲೇ ಇಟ್ಟು ಎದ್ದು ಹೋಗ್ಯಾನ.”